ಲಾರಿಯ ‘ಮೆದುಳು’ ಕೆಟ್ಟಿತೆ? ಮೊದಲು ತಂತಿ ನೋಡಿ

ಲಾರಿ ಇಂಜಿನ್ನಿನ ನಾಡಿ ಹಿಡಿಯಲು ಹೊಸಪೇಟೆಯ ಗ್ಯಾರೇಜುಗಳಲ್ಲಿ ಒಂದು ಕಾಲಕ್ಕೆ ಉದ್ದನೆಯ ಸ್ಕ್ರೂಡ್ರೈವರ್ ಇದ್ದರೆ ಸಾಕಿತ್ತು. ಅದರ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಯಾವ ಸಿಲಿಂಡರಿನ ಸದ್ದು ತಪ್ಪಿದೆ ಎಂದು ಮೆಕ್ಯಾನಿಕ್ ಹೇಳಿಬಿಡುತ್ತಿದ್ದ. ಡೀಸೆಲ್ ಪಂಪು ಕೆಟ್ಟರೆ ಬಿಚ್ಚಿ ಪಂಪ್ ರಿಪೇರಿಯವರ ಬೆಂಚಿಗೆ ಕಳಿಸಿದರಾಯಿತು. ಆ ಪಂಪಿನ ಮೇಲೆ ಬಹುಪಾಲು ‘ಮೈಕೋ’ ಎಂಬ ಹೆಸರಿರುತ್ತಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ‘ಬಾಷ್’ ಎಂದು ಹೆಸರು ಬದಲಿಸಿಕೊಂಡಿತು. ಪಂಪಿನ ಒಳಗಿದ್ದುದೆಲ್ಲ ಕಬ್ಬಿಣ, ಸ್ಪ್ರಿಂಗು, ಎಣ್ಣೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಸಾಮಾನು.

ಈಗ ಅದೇ ಗ್ಯಾರೇಜಿನ ಮುಂದೆ ಬಂದು ನಿಲ್ಲುವ ಲಾರಿಗೆ ಸದ್ದೇ ಮಾಡದ ಕಾಯಿಲೆಗಳು ಬರುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಅದಿರು ತುಂಬಿಕೊಂಡು ಸಂಡೂರಿನ ಏರು ಹತ್ತುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಎಳೆಯುವುದನ್ನು ಬಿಟ್ಟು ತೆವಳತೊಡಗುತ್ತದೆ. ‘ಇಸಿಎಂ ಹೋಗೈತೆ’ ಎಂಬ ತೀರ್ಪು ಬರಲು ಹೆಚ್ಚು ಹೊತ್ತು ಬೇಕಿಲ್ಲ. ಆ ತೀರ್ಪು ಎಷ್ಟೋ ಸಲ ತಪ್ಪಾಗಿರುತ್ತದೆ ಎಂಬುದೇ ಇಲ್ಲಿನ ಕಥೆ.

ಪಂಪು ಹೋಗಿ ಪೆಟ್ಟಿಗೆ ಬಂತು

ಇಸಿಎಂ ಎಂದರೆ ಇಂಜಿನ್ ಕಂಟ್ರೋಲ್ ಮಾಡ್ಯೂಲ್. ಒಂದು ದಪ್ಪ ಪುಸ್ತಕದಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ಒಳಗೆ ಗಣಕಯಂತ್ರ, ಹೊರಗೆ ಹತ್ತಾರು ತಂತಿಗಳು ಬಂದು ಸೇರುವ ಕನೆಕ್ಟರುಗಳು.

ಇದು ಈ ಭಾಗದ ಲಾರಿಗಳಿಗೆ ಬಂದದ್ದು ತಡವಾಗಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಹೊಸಪೇಟೆ, ಸಂಡೂರು ಸುತ್ತಮುತ್ತ ಸಾಲುಗಟ್ಟಿ ನಿಂತ ಲಾರಿಗಳಲ್ಲಿ ಬಹಳಷ್ಟು ಹಳೆಯ ಪಂಪಿನವು. ಮುಂದೆ ಗಣಿಗಳು ಹಂತಹಂತವಾಗಿ ತೆರೆದವು. ಅಷ್ಟರಲ್ಲಿ ಹೊಗೆಯ ನಿಯಮ ಬದಲಾಯಿತು. 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಗೆ ಬಂದವು. ಬಿಎಸ್-4ರಲ್ಲಿ ಹಳೆಯ ಪಂಪನ್ನೇ ತಿದ್ದಿ ಉಳಿಸಿಕೊಂಡ ತಯಾರಕರೂ ಇದ್ದರು. ಬಿಎಸ್-6ರಲ್ಲಿ ಆ ದಾರಿ ಮುಚ್ಚಿತು. ಭಾರಿ ಡೀಸೆಲ್ ಇಂಜಿನ್ ಉಗುಳಬಹುದಾದ ಸಾರಜನಕದ ಆಕ್ಸೈಡುಗಳ ಮಿತಿ ಪ್ರತಿ ಕಿಲೋವ್ಯಾಟ್-ಗಂಟೆಗೆ 3.5 ಗ್ರಾಂ ಇದ್ದದ್ದು ಅರ್ಧ ಗ್ರಾಂಗಿಂತ ಕೆಳಗಿಳಿಯಿತು. ಇಷ್ಟು ನಾಜೂಕಿನ ಲೆಕ್ಕ ಸ್ಪ್ರಿಂಗಿಗೆ ಸಾಧ್ಯವಿಲ್ಲ.

ಪೆಟ್ಟಿಗೆಯ ಕೆಲಸ ಎಷ್ಟೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಆರು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ ಎನ್ನೋಣ. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಪ್ರತಿ ಸಿಲಿಂಡರಿಗೂ ಡೀಸೆಲ್ ಬೇಕು. ಅಂದರೆ ಸೆಕೆಂಡಿಗೆ 100 ಸಲ! ಅದರಲ್ಲೂ ಒಂದೊಂದು ಸಲದ ಡೀಸೆಲನ್ನು ಎರಡು ಮೂರು ಕಂತಾಗಿ ಹಂಚಬೇಕು. ಲಾರಿ ಟೈರಿನ ಗಾಳಿಯ ಒತ್ತಡ ಸುಮಾರು 8 ಬಾರ್; ಇಂಜೆಕ್ಟರಿಗೆ ಹೋಗುವ ಡೀಸೆಲಿನದು ಅದರ ಇನ್ನೂರು ಪಟ್ಟು, ಅದಕ್ಕೂ ಮಿಗಿಲು. ಕ್ರ್ಯಾಂಕಿನ ಸ್ಥಾನ, ನೀರಿನ ಬಿಸಿ, ಗಾಳಿಯ ಒತ್ತಡ, ಚಾಲಕನ ಕಾಲಿನ ಒತ್ತು ಎಲ್ಲವನ್ನೂ ಸೆನ್ಸರುಗಳಿಂದ ಕೇಳಿಕೊಂಡು, ಯಾವ ಇಂಜೆಕ್ಟರನ್ನು ಯಾವಾಗ ಎಷ್ಟು ಹೊತ್ತು ತೆರೆಯಬೇಕೆಂದು ಪೆಟ್ಟಿಗೆ ತೀರ್ಮಾನಿಸುತ್ತದೆ. ಸೆನ್ಸರಿನ ಮಾತು ನಂಬುವಂತಿಲ್ಲ ಎನಿಸಿದರೆ ಇಂಜಿನ್ನಿನ ಬಲವನ್ನು ತಾನೇ ತಗ್ಗಿಸಿಬಿಡುತ್ತದೆ. ಏರಿನಲ್ಲಿ ಗಾಡಿ ತೆವಳುವುದು ಹಲವು ಸಲ ಈ ಕಾರಣಕ್ಕೇ.

ಇಪ್ಪತ್ತನಾಲ್ಕು ವೋಲ್ಟಿನ ಮೋಸ

ಹೊಸ ಇಸಿಎಂಗೆ ಹತ್ತಾರು ಸಾವಿರ ರೂಪಾಯಿ ಬೇಕು. ಕೆಲವು ಗಾಡಿಗಳದು ಲಕ್ಷ ದಾಟುತ್ತದೆ. ಇಂಥ ಸಾಮಾನನ್ನು ಒಮ್ಮೆ ಕೊಂಡ ಮೇಲೆ ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ. ಒಂದೇ ಲಾರಿ ಇಟ್ಟುಕೊಂಡು ತಿಂಗಳ ಕಂತು ಕಟ್ಟುವ ಮಾಲೀಕನಿಗೆ ತಪ್ಪು ತೀರ್ಪೆಂದರೆ ಮಕ್ಕಳ ಫೀಸಿಗೇ ಕುತ್ತು. ಆದ್ದರಿಂದ ಪೆಟ್ಟಿಗೆಗೆ ಕೈ ಹಾಕುವ ಮುನ್ನ ಅದಕ್ಕೆ ಬರುವ ವಿದ್ಯುತ್ತು ಸರಿಯಿದೆಯೇ ಎಂದು ನೋಡುವುದು ಬುದ್ಧಿವಂತರ ಕ್ರಮ.

ಇಲ್ಲಿಯೇ ಒಂದು ಮೋಸವಿದೆ. ಪೆಟ್ಟಿಗೆಗೆ ಬರುವ ತಂತಿಯಲ್ಲಿ ಹತ್ತಾರು ತಾಮ್ರದ ಎಳೆಗಳಿರುತ್ತವೆ. ಉಜ್ಜಿ ಉಜ್ಜಿ ಅವೆಲ್ಲ ಕಡಿದು ಒಂದೇ ಎಳೆ ಉಳಿದಿದೆ ಎಂದುಕೊಳ್ಳಿ. ಮಲ್ಟಿಮೀಟರ್ ಹಿಡಿದರೆ 24 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ! ಮೀಟರು ಎಳೆದುಕೊಳ್ಳುವ ವಿದ್ಯುತ್ತು ತೀರ ಅತ್ಯಲ್ಪ. ಅಷ್ಟಕ್ಕೆ ಒಂದೆಳೆಯೂ ಸಾಕು. ಅದೇ ತಂತಿಗೆ ಲಾರಿಯ 24 ವೋಲ್ಟಿನ ಬಲ್ಬೊಂದನ್ನು ಸಿಕ್ಕಿಸಿ ನೋಡಿದರೆ ಬಲ್ಬು ಮಂಕಾಗುತ್ತದೆ, ಮೀಟರಿನ ಅಂಕಿ ಕೆಳಗಿಳಿಯುತ್ತದೆ. ವಿದ್ಯುತ್ ಪ್ರವಾಹವನ್ನು ರೋಧದಿಂದ ಗುಣಿಸಿದರೆ ಬರುವುದು ವೋಲ್ಟೇಜಿನ ಇಳಿತ. ಎಸ್ಸೆಸ್ಸೆಲ್ಸಿಯಲ್ಲಿ ಓದಿದ ಓಮ್ ನಿಯಮವೇ ಇದು. ಅರ್ಥ್ ತಂತಿಯನ್ನೂ ಹೀಗೇ ಭಾರ ಕೊಟ್ಟು ಪರೀಕ್ಷಿಸಬೇಕು. ಚಾಸಿಗೆ ಅದು ಸೇರುವ ಜಾಗದಲ್ಲಿ ತುಕ್ಕು ಹಿಡಿದಿರುವುದು ಅಪರೂಪವೇನಲ್ಲ.

ಇನ್ನೊಂದು ಚಮತ್ಕಾರ ನೋಡಿ. ಅನೇಕ ಸೆನ್ಸರುಗಳಿಗೆ ಪೆಟ್ಟಿಗೆಯೇ 5 ವೋಲ್ಟ್ ಹಂಚುತ್ತದೆ. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ ಅದರ ಜತೆಗಾರರೆಲ್ಲ ಸುಳ್ಳು ಹೇಳತೊಡಗುತ್ತಾರೆ. ಸ್ಕ್ಯಾನರ್ ನಾಲ್ಕೈದು ದೋಷಗಳನ್ನು ಒಟ್ಟಿಗೇ ಪಟ್ಟಿ ಮಾಡಿದಾಗ ಪೆಟ್ಟಿಗೆಯೇ ಹಾಳಾಗಿದೆ ಎಂದು ಅನಿಸುವುದು ಸಹಜ. ಒಂದೊಂದೇ ಸೆನ್ಸರಿನ ಕನೆಕ್ಟರನ್ನು ಬಿಚ್ಚುತ್ತಾ ಹೋದರೆ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿತೋ ಅದೇ ಕಳ್ಳ! ಪೆಟ್ಟಿಗೆಗಳು ತಮ್ಮೊಳಗೆ ಮಾತಾಡಿಕೊಳ್ಳುವ ‘ಕ್ಯಾನ್’ ಎಂಬ ಜೋಡಿ ತಂತಿಯ ಪರೀಕ್ಷೆಯೂ ಅಷ್ಟೇ ಸರಳ. ಎರಡು ತುದಿಗೆ 120 ಓಮಿನ ಎರಡು ರೋಧಕಗಳು, ಸಮಾಂತರದಲ್ಲಿ 60. ಬ್ಯಾಟರಿ ಬಿಚ್ಚಿ ಅಳೆದಾಗ 120 ಬಂದರೆ ಒಂದು ಕಡೆ ತಂತಿ ಕಡಿದಿದೆ, ಇಲ್ಲವೇ ಒಂದು ರೋಧಕ ಕೆಟ್ಟಿದೆ ಎಂದರ್ಥ.

ಈ ಸೀಮೆಯ ರಸ್ತೆಗಳು ತಂತಿಗೆ ಒಗ್ಗುವಂಥವಲ್ಲ. ಸಂಡೂರಿನ ಕೆಂಪು ದೂಳು ಕನೆಕ್ಟರಿನ ಸಂದಿಗೆ ಹೊಕ್ಕು ತೇವ ಹಿಡಿದಿಟ್ಟುಕೊಳ್ಳುತ್ತದೆ. ಕಂಪ್ಲಿ ಕಡೆಯ ಗದ್ದೆ ದಾರಿಯಲ್ಲಿ ಭತ್ತ ಹೇರಿಬಂದ ಲಾರಿಗೆ ಕೆಸರು ಮೆತ್ತಿದರೆ ರಭಸದ ನೀರು ಬಿಟ್ಟು ತೊಳೆಯುತ್ತಾರೆ. ರಬ್ಬರ್ ಸೀಲು ಹರಿದಿದ್ದರೆ ಆ ನೀರು ಒಳಗಿಳಿದು ಪಿನ್ನುಗಳಿಗೆ ಹಸಿರು ಕಿಲುಬು ಕಟ್ಟುತ್ತದೆ. ಹಂಪಿಗೆ ಬರುವ ಹೊಸ ಪ್ರವಾಸಿ ಬಸ್ಸುಗಳಲ್ಲಿಯೂ ಇಂಥದೇ ಪೆಟ್ಟಿಗೆ ಇದೆ, ಆದರೆ ಅವುಗಳ ಪಾಡು ವಾಸಿ. ಟಿಪ್ಪರುಗಳಿಗೆ ಇನ್ನೊಂದು ಗಂಡಾಂತರವೆಂದರೆ ವೆಲ್ಡಿಂಗ್. ಬಾಡಿ ಬಿರುಕು ಬಿಟ್ಟಿತೆಂದು ಬ್ಯಾಟರಿ ಬಿಚ್ಚದೆ, ಇಸಿಎಂ ಕನೆಕ್ಟರ್ ಕಳಚದೆ ವೆಲ್ಡ್ ಮಾಡಿದರೆ ಆ ಭಾರಿ ಪ್ರವಾಹ ಚಾಸಿಯಿಂದ ಪೆಟ್ಟಿಗೆಯ ಒಳಗೂ ದಾರಿ ಹುಡುಕಬಹುದು. ಆಗ ಮಾತ್ರ ಅದು ನಿಜವಾಗಿಯೂ ಸಾಯುತ್ತದೆ.

ಹೊಸ ಪೆಟ್ಟಿಗೆ, ಖಾಲಿ ಪಾಟಿ

ತಂತಿ, ಫ್ಯೂಸ್, ರಿಲೇ, ಅರ್ಥ್ ಎಲ್ಲ ಸರಿಯಿದ್ದೂ ಪೆಟ್ಟಿಗೆ ಸ್ಕ್ಯಾನರಿಗೆ ಉತ್ತರಿಸದಿದ್ದರೆ, ಅಥವಾ ಒಳ್ಳೆಯ ಇಂಜೆಕ್ಟರ್ ಮತ್ತು ತಂತಿ ಇದ್ದೂ ಅದನ್ನು ತೆರೆಯುವ ವಿದ್ಯುತ್ತು ಹೊರಡದಿದ್ದರೆ ಬದಲಿಸುವುದೊಂದೇ ದಾರಿ. ನಟ್ಟು ಬಿಚ್ಚಿ ನಟ್ಟು ಹಾಕುವ ಕೆಲಸ ಅರ್ಧ ಗಂಟೆಯದು. ಇಗ್ನಿಷನ್ ಆರಿಸಿ, ಪೆಟ್ಟಿಗೆ ತನ್ನ ಲೆಕ್ಕ ಬರೆದಿಟ್ಟು ಮಲಗುವವರೆಗೆ ತುಸು ಕಾದು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಮೈಯಲ್ಲಿನ ಸ್ಥಿರವಿದ್ಯುತ್ತು ಇಳಿಯಲೆಂದು ಚಾಸಿಯನ್ನು ಮುಟ್ಟಿ, ಆಮೇಲೆ ಕನೆಕ್ಟರಿಗೆ ಕೈ ಹಾಕಬೇಕು. ಪಿನ್ನುಗಳನ್ನು ಬೆರಳಿನಿಂದ ಮುಟ್ಟಕೂಡದು.

ಕಷ್ಟವಿರುವುದು ಅನಂತರ. ಹೊಸ ಪೆಟ್ಟಿಗೆ ಬರೆಯದ ಪಾಟಿಯಂತೆ. ತಾನು ಯಾವ ಲಾರಿಯಲ್ಲಿದ್ದೇನೆಂಬುದೇ ಅದಕ್ಕೆ ತಿಳಿಯದು. ಚಾಸಿ ನಂಬರು, ಆ ಮಾದರಿಯ ಇಂಜಿನ್ನಿಗೆ ಹೊಂದುವ ತಂತ್ರಾಂಶ, ಕಳ್ಳತನ ತಡೆಯುವ ಬೀಗದ ಸಂಕೇತ ಇವನ್ನೆಲ್ಲ ಅದಕ್ಕೆ ಕಲಿಸಬೇಕು. ಅನೇಕ ಇಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರಿನ ಮೇಲೂ ಒಂದು ಸಂಕೇತ ಕೊರೆದಿರುತ್ತಾರೆ. ಎರಡು ಇಂಜೆಕ್ಟರುಗಳು ಎಂದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಯಾರಾಗುವುದಿಲ್ಲ. ಆ ವ್ಯತ್ಯಾಸದ ಲೆಕ್ಕವೇ ಈ ಸಂಕೇತ. ಒಂದು ಅಕ್ಷರ ತಪ್ಪಿದರೂ ಇಂಜಿನ್ ನಡುಗುತ್ತದೆ ಅಥವಾ ಹೊಗೆ ಉಗುಳುತ್ತದೆ. ಹಳೆಯ ಪೆಟ್ಟಿಗೆಗೆ ಉಸಿರಿರುವಾಗಲೇ ಅದರಲ್ಲಿರುವುದನ್ನು ಓದಿ ಉಳಿಸಿಕೊಳ್ಳುವುದು ಜಾಣತನ. ಬರೆಯುವಾಗ ಬ್ಯಾಟರಿಯ ವೋಲ್ಟೇಜು ಸ್ಥಿರವಾಗಿರಬೇಕು. ನಡುವೆ ಅದು ಕುಸಿದರೆ ಲಕ್ಷದ ಪೆಟ್ಟಿಗೆ ಅರ್ಧ ಬರೆದ ಕಾಗದದಂತಾಗಿ, ಮತ್ತೆ ಎಚ್ಚರಗೊಳ್ಳದೇ ಹೋಗಬಹುದು. ಕರೆಂಟು ಹೋಗಿಬರುವ ಊರಿನಲ್ಲಿ ಕೇವಲ ಚಾರ್ಜರನ್ನು ನಂಬಿ ಕೂರುವಂತಿಲ್ಲ.

ಈ ‘ಬರವಣಿಗೆ’ಯ ತಂತ್ರಾಂಶ ಬಹುಮಟ್ಟಿಗೆ ಕಂಪನಿಗಳ ಕೈಯಲ್ಲಿದೆ. ರಸ್ತೆಬದಿಯ ಮೆಕ್ಯಾನಿಕ್ಕಿನ ಸಾಧಾರಣ ಸ್ಕ್ಯಾನರ್ ದೋಷವನ್ನು ಓದೀತು, ಹೊಸ ಪೆಟ್ಟಿಗೆಗೆ ಬರೆಯಲಾರದು. ಹೊಗೆಯ ಲೆಕ್ಕವನ್ನು ಯಾರೋ ತಿದ್ದಬಾರದೆಂಬ ಕಂಪನಿಗಳ ವಾದದಲ್ಲಿ ಹುರುಳಿದೆ. ಯೂರಿಯಾ ದ್ರಾವಣದ ಖರ್ಚು ಉಳಿಸಲು ಹೊಗೆ ಶುದ್ಧಿಯ ವ್ಯವಸ್ಥೆಯನ್ನೇ ಪೆಟ್ಟಿಗೆಯಿಂದ ಅಳಿಸಿಕೊಡುವವರು ಇದ್ದಾರೆ, ಅದು ಕಾನೂನುಬಾಹಿರ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ, ಆ ಹೊಗೆ ಕುಡಿಯುವವರು ರಸ್ತೆಬದಿಯ ಶಾಲೆಯ ಮಕ್ಕಳು. ಆದರೆ ಪ್ರಾಮಾಣಿಕ ಗ್ಯಾರೇಜಿಗೂ ಬಾಗಿಲು ಮುಚ್ಚುವುದು ನ್ಯಾಯವಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಪೋರ್ಟಲ್ ತೆರೆದು, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದರಿಂದ ಹೆದ್ದಾರಿ ಬದಿಯ ಗ್ಯಾರೇಜಿನ ಬಾಗಿಲು ತೆರೆಯಬೇಕಾದರೆ ಇನ್ನೂ ದೂರ ಸಾಗಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿ ಈ ಕೆಲಸ ಕಲಿಯಬಯಸುವವರಿಗೆ ಐಟಿಐಗಳಲ್ಲಿ ಒಂದು ವರ್ಷದ ‘ಮೆಕ್ಯಾನಿಕ್ ಡೀಸೆಲ್’, ಎರಡು ವರ್ಷದ ‘ಮೆಕ್ಯಾನಿಕ್ ಮೋಟಾರ್ ವೆಹಿಕಲ್’ ತರಬೇತಿಗಳಿವೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿದ ಯೋಜನೆ 2022ರಲ್ಲಿ ಉದ್ಘಾಟನೆಯಾಯಿತು. ಮಗನನ್ನೋ ಮಗಳನ್ನೋ ಸೇರಿಸಲು ಹೋದ ತಂದೆತಾಯಿಗಳು ಕಟ್ಟಡ ನೋಡಿ ಮರಳದೆ ಎರಡು ಮಾತು ಕೇಳಲಿ: ಚಾಲೂ ಇರುವ ಬಿಎಸ್-6 ಇಂಜಿನ್ ಇಲ್ಲಿದೆಯೇ? ಅದರ ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿಯಲು ವಿದ್ಯಾರ್ಥಿಗಳಿಗೆ ಬಿಡುತ್ತೀರೋ, ಇಲ್ಲವೇ ದೂರದಿಂದ ತೋರಿಸುತ್ತೀರೋ?