ಎರಡು ತಂತಿ, ಒಂದೇ ದಿಕ್ಕು

2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನ್ ದ್ವೀಪಗಳಿಗೆ ಅಪ್ಪಳಿಸಿದಾಗ ದೂರವಾಣಿ ಸಂಪರ್ಕ ಕಡಿದುಹೋಯಿತು. ಆಗ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ ಮೂಲಕ ಅಲ್ಲಿನವರ ಯೋಗಕ್ಷೇಮದ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದರು. ಬೆಂಗಳೂರಿಗೆ ಸುಮಾರು 1,650 ಕಿ.ಮೀ. ದೂರದ ಅಂಥ ದನಿಯನ್ನು ಕೇಳಲು ನೆರವಾಗುವ ಆಂಟೆನಾವನ್ನು ತಾಮ್ರದ ತಂತಿ, ಬಿದಿರು, ನೈಲಾನ್ ಹಗ್ಗಗಳಿಂದ ಮನೆಯಲ್ಲೇ ಕಟ್ಟಬಹುದು.

ಒಂದೇ ತಂತಿಯ ಆಂಟೆನಾ ತನ್ನ ಎರಡೂ ಬದಿಗೆ ಸಮನಾಗಿ ಅಲೆ ಹೊಮ್ಮಿಸುತ್ತದೆ. ಅರ್ಧ ಶಕ್ತಿ ಬೇಡದ ಕಡೆಗೆ ಹೋಗುತ್ತದೆ. ಅದರ ಹಿಂದೆ ತುಸು ಉದ್ದದ ಇನ್ನೊಂದು ತಂತಿ ಕಟ್ಟಿದರೆ? ಇದಕ್ಕೆ ಯಾವ ಕೇಬಲ್ಲೂ ಬೇಡ. ಮುಂದಿನ ತಂತಿಯ ಅಲೆಯಿಂದ ಇದರಲ್ಲಿ ವಿದ್ಯುತ್ ಪ್ರೇರಿತವಾಗಿ ಇದೂ ಅಲೆ ಹೊಮ್ಮಿಸುತ್ತದೆ. ಈ ಎರಡು ಅಲೆಗಳು ಹಿಂಬದಿಯಲ್ಲಿ ಬಹುಮಟ್ಟಿಗೆ ಒಂದನ್ನೊಂದು ಅಳಿಸುತ್ತವೆ, ಮುಂಬದಿಯಲ್ಲಿ ಕೂಡಿಕೊಳ್ಳುತ್ತವೆ. ಕೇಳುವಾಗಲೂ ಅಷ್ಟೇ, ಮುಂದಿನ ದನಿ ಜೋರು. ಕನ್ನಡಿಯಂತೆ ವರ್ತಿಸುವ ಈ ತಂತಿಯೇ ಪ್ರತಿಫಲಕ. ಜಪಾನಿನ ಯಾಗಿ ಮತ್ತು ಉಡಾ 1926ರಲ್ಲಿ ಪ್ರಕಟಿಸಿದ ತತ್ವವಿದು. ಹಳೆಯ ಟಿ.ವಿ. ಆಂಟೆನಾಗಳೂ ಇದೇ ಕುಲದವು.

ಲೆಕ್ಕ ಸುಲಭ. ಹ್ಯಾಮ್‌ಗಳು ಬಳಸುವ 14.2 ಮೆಗಾಹರ್ಟ್ಸ್ ಆವರ್ತಾಂಕವನ್ನು ತೆಗೆದುಕೊಳ್ಳಿ. 300ನ್ನು 14.2ರಿಂದ ಭಾಗಿಸಿದರೆ ಅಲೆಯುದ್ದ 21.1 ಮೀಟರ್. ಮುಂದಿನ ತಂತಿ ಇದರ ಅರ್ಧಕ್ಕಿಂತ ಶೇ. 5 ಕಡಿಮೆ, ಅಂದರೆ ಸುಮಾರು 10 ಮೀಟರ್. ಅದನ್ನು ನಟ್ಟನಡುವೆ ಕತ್ತರಿಸಿ, ಪಿವಿಸಿ ತುಂಡಿನಿಂದ ಬೇರ್ಪಡಿಸಿ, ಒಂದು ಭಾಗಕ್ಕೆ ಕೋಆಕ್ಸಿಯಲ್ ಕೇಬಲ್ಲಿನ ಒಳತಂತಿಯನ್ನೂ ಇನ್ನೊಂದಕ್ಕೆ ಹೊರಜಾಲರಿಯನ್ನೂ ಬೆಸುಗೆ ಹಾಕಬೇಕು. ಪ್ರತಿಫಲಕ ಹತ್ತೂವರೆ ಮೀಟರ್. ಇದನ್ನು ನಡುವೆ ಕತ್ತರಿಸಬಾರದು. ಎರಡರ ನಡುವೆ 3.2 ಮೀಟರ್ ಅಂತರವಿರುವಂತೆ ಎರಡೂ ತುದಿಗೆ ಬಿದಿರಿನ ಗಳ ಕಟ್ಟಿ, ಸುಮಾರು 10 ಮೀಟರ್ ಎತ್ತರದಲ್ಲಿ ನೆಲಕ್ಕೆ ಸಮಾಂತರವಾಗಿ ಬಿಗಿಯಬೇಕು.

ಬೆಂಗಳೂರಿನಿಂದ ಪೋರ್ಟ್ ಬ್ಲೇರ್ ಹೆಚ್ಚುಕಡಿಮೆ ನೇರ ಪೂರ್ವಕ್ಕಿದೆ. ಆದ್ದರಿಂದ ತಂತಿಗಳನ್ನು ಉತ್ತರ-ದಕ್ಷಿಣವಾಗಿ ಎಳೆದು, ಪ್ರತಿಫಲಕವನ್ನು ಪಶ್ಚಿಮಕ್ಕಿಟ್ಟರೆ ಆಂಟೆನಾದ ಮುಖ ಅತ್ತ ತಿರುಗುತ್ತದೆ.

ಪಾಲಕರು ಗಮನಿಸಬೇಕಾದ ಮಾತು: ಹತ್ತಿರ ವಿದ್ಯುತ್ ತಂತಿ ಇರಕೂಡದು. ಕಟ್ಟುವಾಗ ಅನುಭವಿ ಹಿರಿಯರು ಜೊತೆಗಿರಲಿ. ಮೋಡ ಕವಿಯುವ ಮೊದಲೇ ಕೇಬಲ್ ಬಿಚ್ಚಿ ಮನೆಯ ಹೊರಗಿಡಬೇಕು. ಪ್ರಸಾರ ಮಾಡಲು ಪರೀಕ್ಷೆ ಪಾಸಾಗಿ ಸರ್ಕಾರದ ಲೈಸೆನ್ಸ್ ಪಡೆದಿರಬೇಕು.

ವಿದ್ಯಾರ್ಥಿಗಳಿಗೊಂದು ಲೆಕ್ಕ: 21.2 ಮೆಗಾಹರ್ಟ್ಸ್‌ಗೆ ಮುಂದಿನ ತಂತಿ ಎಷ್ಟುದ್ದ? 6.7 ಮೀಟರ್ ಬಂದರೆ ಉತ್ತರ ಸರಿ.