ಎವ್ರಿವನ್ ಅಂದ್ರೆ ಎಲ್ಲರೂ, ಆದ್ರೆ ವರ್ಬ್ ಒಬ್ಬರದ್ದು

‘ಈಚ್ ಆಫ್ ದ ಸೆನ್ಸರ್ಸ್ ವರ್ ಟೆಸ್ಟೆಡ್.’ ಈ ವಾಕ್ಯದಲ್ಲಿ ತಪ್ಪೇನಿದೆ? ಓದಿದ್ರೆ ಕಿವಿಗೆ ಸರಿಯಾಗೇ ಕೇಳಿಸುತ್ತೆ. ಆದರೆ ಇಲ್ಲಿ ‘ವರ್’ ಅಲ್ಲ, ‘ವಾಸ್’ ಇರಬೇಕು. ಪ್ಲೇಸ್‌ಮೆಂಟ್ ಟೆಸ್ಟಿನ ವರ್ಬಲ್ ಸೆಕ್ಷನ್‌ನಲ್ಲಿ ಇಂಥ ಪ್ರಶ್ನೆ ಕೇಳ್ತಾರೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗಲೂ ಇದೇ ತಪ್ಪು ಸುಲಭವಾಗಿ ನುಸುಳುತ್ತೆ.

ಯಾಕೆ ಹೀಗೆ? ಒಂದು ಕಾರಣ ನಮ್ಮ ಕನ್ನಡದಲ್ಲೇ ಇದೆ. ‘ಎಲ್ಲರೂ ಬಂದರು’, ‘ಪ್ರತಿಯೊಬ್ಬರೂ ಬಂದರು’ ಎರಡರಲ್ಲೂ ಕ್ರಿಯಾಪದ ಬಹುವಚನ. ಬಾಗಿಲ ಹತ್ತಿರ ನಿಂತಿರೋದು ಒಬ್ಬರೇ ಆದ್ರೂ ‘ಯಾರೋ ಬಂದಿದ್ದಾರೆ’ ಅಂತೀವಿ. ಇನ್ನು ‘ಯಾರೂ ಬಂದಿಲ್ಲ’ ಅನ್ನುವಾಗ ‘ಇಲ್ಲ’ ಬದಲಾಗೋದೇ ಇಲ್ಲ: ನಾನು ಬಂದಿಲ್ಲ, ಅವರು ಬಂದಿಲ್ಲ. ಹಾಗಾಗಿ ‘ನೋಬಡಿ’ ಆದ್ಮೇಲೆ ‘ಹ್ಯಾಸ್’ ಬೇಕಾ, ‘ಹ್ಯಾವ್’ ಬೇಕಾ ಅನ್ನೋದಕ್ಕೆ ಕನ್ನಡದಿಂದ ಸುಳಿವು ಸಿಗಲ್ಲ. ಇಂಗ್ಲಿಷಿನ ಈ ಪದಗಳನ್ನ ಮೂರು ಗುಂಪು ಮಾಡಿಕೊಂಡ್ರೆ ಸುಲಭ.

ಮೊದಲನೇ ಗುಂಪು ಯಾವಾಗಲೂ ಏಕವಚನ. ಪದದ ಕೊನೆಯಲ್ಲಿ ವನ್, ಬಾಡಿ, ಥಿಂಗ್ ಇದೆಯಾ ನೋಡಿ: ಎವ್ರಿವನ್, ಸಮ್‌ಬಡಿ, ನಥಿಂಗ್. ಎಷ್ಟು ಜನರ ಬಗ್ಗೆ ಹೇಳಿದ್ರೂ ಪದದೊಳಗೆ ‘ಒಂದು’ ಕೂತಿದೆ. ಅದಕ್ಕೇ ‘ಎವ್ರಿವನ್ ಈಸ್ ರೆಡಿ’. ಈಚ್, ಐದರ್, ನೈದರ್ ಕೂಡ ಇದೇ ಗುಂಪು. ಮಾತಿನಲ್ಲಿ ‘ನೈದರ್ ಆಫ್ ದೆಮ್ ಆರ್’ ಅನ್ನೋರೂ ಇದ್ದಾರೆ, ಆದರೆ ಪರೀಕ್ಷೆಯಲ್ಲಿ, ರಿಪೋರ್ಟಿನಲ್ಲಿ ‘ಈಸ್’ ಬರೆಯೋದೇ ಸೇಫ್.

ಎರಡನೇ ಗುಂಪು ಯಾವಾಗಲೂ ಬಹುವಚನ: ಬೋತ್, ಫ್ಯೂ, ಮೆನಿ, ಸೆವರಲ್. ‘ಬೋತ್ ಆರ್ ವರ್ಕಿಂಗ್.’ ಇದರಲ್ಲಿ ಗೊಂದಲ ಕಡಿಮೆ.

ಮೂರನೇದು ಸ್ವಲ್ಪ ಕಿರಿಕ್: ಆಲ್, ಸಮ್, ಮೋಸ್ಟ್, ಎನಿ, ನನ್. ಇಲ್ಲಿ ‘ಆಫ್’ ನಂತರ ಬರೋ ನಾಮಪದ ನೋಡಬೇಕು. ಎಣಿಸೋಕೆ ಆಗದ್ದು ಬಂದ್ರೆ ಏಕವಚನ: ‘ಸಮ್ ಆಫ್ ದ ವಾಟರ್ ಈಸ್’. ಎಣಿಸೋ ವಸ್ತುಗಳು ಬಂದ್ರೆ ಬಹುವಚನ: ‘ಸಮ್ ಆಫ್ ದ ರೆಸಿಸ್ಟರ್ಸ್ ಆರ್’. ಎಣಿಸೋ ವಸ್ತುಗಳ ಜೊತೆ ‘ನನ್’ ಅಥವಾ ‘ಎನಿ’ ಬಂದಾಗ ಮಾತ್ರ ‘ಈಸ್’, ‘ಆರ್’ ಎರಡೂ ನಡೆಯುತ್ತೆ.

ಅಂದ್ರೆ ಮೊದಲನೇ ಗುಂಪಿನಲ್ಲಿ ‘ಆಫ್’ನಿಂದ ಶುರುವಾಗೋ ಭಾಗವನ್ನ ಬೆರಳಿಂದ ಮುಚ್ಚಿ ಓದಿ. ‘ಈಚ್... ವಾಸ್ ಟೆಸ್ಟೆಡ್’ ಅಂತ ಉತ್ತರ ಕಣ್ಣಿಗೇ ಕಾಣುತ್ತೆ. ಮೂರನೇ ಗುಂಪಿನಲ್ಲಿ ಮಾತ್ರ ಮುಚ್ಚಬೇಡಿ, ಉತ್ತರ ಅಲ್ಲೇ ಇರೋದು.

ಇನ್ನೊಂದು ಮಜಾ ವಿಷಯ. ‘ಎವ್ರಿವನ್ ಹ್ಯಾಸ್ ಸಬ್ಮಿಟೆಡ್ ದೇರ್ ರೆಕಾರ್ಡ್’ ಅನ್ನೋದ್ರಲ್ಲಿ ‘ಹ್ಯಾಸ್’ ಏಕವಚನ, ‘ದೇರ್’ ನೋಡಿದ್ರೆ ಬಹುವಚನ. ಇದು ತಪ್ಪಲ್ಲ. ಗಂಡೋ ಹೆಣ್ಣೋ ಅಂತ ಹೇಳದೇ ಇರುವಾಗ ‘ದೇ’, ‘ದೇರ್’ ಬಳಸೋ ರೂಢಿ ಇಂಗ್ಲಿಷಿನಲ್ಲಿ 14ನೇ ಶತಮಾನದಿಂದಲೇ ಇದೆ. ನಾವು ‘ಯಾರೋ ಬಂದಿದ್ದಾರೆ, ಅವರನ್ನ ಕೂರಿಸಿ’ ಅಂದ ಹಾಗೇನೇ.