ರಾಗಿಯ ಬೇರಿನಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಪರಸ್ಪರ ಸಂಬಂಧ

ತುಮಕೂರಿನ ಸುತ್ತಮುತ್ತ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಕೆಂಪು ಮಣ್ಣಿನ ಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಧಾನ್ಯಗಳಲ್ಲಿ ರಾಗಿಯು ಮುಖ್ಯವಾದುದು. ಬೆಂಕಿರೋಗವನ್ನುಳಿದರೆ ಈ ಪೈರಿಗೆ ಬಾಧೆಗಳು ಕಡಮೆಯೆಂದೂ, ಹಗೇವಿನಲ್ಲಿಟ್ಟ ರಾಗಿ ಬಹುಕಾಲ ಕೆಡದೆಂದೂ ರೈತರು ಬಲ್ಲರು. ಈ ತಾಳಿಕೆಗೆ ಗಿಡದ ಸ್ವಭಾವವೊಂದೇ ಕಾರಣವೇ, ಅಥವಾ ಅದರೊಳಗೆ ವಾಸಿಸುವ ಸೂಕ್ಷ್ಮಜೀವಿಗಳಿಗೂ ಇದರಲ್ಲಿ ಪಾಲುಂಟೇ ಎಂಬ ಪ್ರಶ್ನೆಯನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಸಸ್ಯದ ಅಂಗಾಂಶಗಳಲ್ಲಿ ಅದಕ್ಕೆ ಕೇಡು ಮಾಡದೆ ನೆಲಸಿರುವ ಜೀವಿಗಳನ್ನು ಅಂತರ್ವಾಸಿಗಳೆನ್ನಬಹುದು. ಇವುಗಳಲ್ಲಿ ಬ್ಯಾಕ್ಟೀರಿಯಾಗಳೂ ಉಂಟು, ಶಿಲೀಂಧ್ರಗಳೂ ಉಂಟು. ಬೇರು ಸ್ರವಿಸುವ ಸಕ್ಕರೆಗಾಗಿ, ಮಣ್ಣಿನ ಕಬ್ಬಿಣಕ್ಕಾಗಿ ಇವು ಪರಸ್ಪರ ಸ್ಪರ್ಧಿಸುತ್ತವೆ. ಕೆಲವು ವಿಷವಸ್ತುಗಳಿಂದ ಎದುರಾಳಿಯನ್ನು ಕೊಲ್ಲುತ್ತವೆ. ಮತ್ತೆ ಕೆಲವು ಒಂದಕ್ಕೊಂದು ನೆರವಾಗುತ್ತವೆ.

2016ರಲ್ಲಿ ಕೆನಡದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ವಲಾ ಮೂಸಾ, ಮನೀಶ್ ರೈಜಾದಾ ಮತ್ತು ಸಂಗಡಿಗರು ರಾಗಿಯ ಬೇರಿನಿಂದ ಬೇರ್ಪಡಿಸಿದ ಎಂಟರೋಬ್ಯಾಕ್ಟರ್ ಜಾತಿಯ ಒಂದು ಬ್ಯಾಕ್ಟೀರಿಯಾವನ್ನು ಕುರಿತು ಪ್ರಕಟಿಸಿದ ಸಂಶೋಧನೆಯು ಗಮನಾರ್ಹವಾದುದು. ಇದಕ್ಕೆ ಅವರು 'ಎಂ 6' ಎಂದು ಹೆಸರಿಟ್ಟರು. ಫ್ಯುಸೇರಿಯಂ ಗ್ರಾಮಿನಿಯೇರಂ ಎಂಬ ರೋಗಕಾರಕ ಶಿಲೀಂಧ್ರವು ಬೇರನ್ನು ಸಮೀಪಿಸಿದೊಡನೆ ಈ ಬ್ಯಾಕ್ಟೀರಿಯಾವು ಅದರತ್ತ ಗುಂಪಾಗಿ ಚಲಿಸುತ್ತದೆ. ಬೇರುರೋಮಗಳು ಹೆಚ್ಚಾಗಿ ಬೆಳೆದು ಬೇರಿನ ಮೈಗೆ ಸಮಾಂತರವಾಗಿ ಬಾಗುತ್ತವೆ. ಅವುಗಳ ಸಂದುಗಳಲ್ಲಿ ಬ್ಯಾಕ್ಟೀರಿಯಾದ ಕಿರುಸಮೂಹಗಳು ಪದರಪದರವಾಗಿ ಸೇರಿ ಗೋಡೆಯೊಂದು ಏರ್ಪಡುತ್ತದೆ. ಶಿಲೀಂಧ್ರದ ತಂತುಗಳು ಅದರಲ್ಲಿ ಸಿಲುಕಿ ಸಾಯುತ್ತವೆ. ಆದರೆ ಶಿಲೀಂಧ್ರವೂ ನಿರಾಯುಧವಲ್ಲ. ಅದು ಫ್ಯುಸೇರಿಕ್ ಆಮ್ಲವನ್ನು ಉತ್ಪಾದಿಸುತ್ತದೆ. ಆ ಆಮ್ಲವನ್ನು ತಾಳಿಕೊಳ್ಳುವ ಶಕ್ತಿ ಎಂ 6ಕ್ಕೆ ಇರುವುದರಿಂದಲೇ ಅದರ ಫಿನಜೀನ್ ಮೊದಲಾದ ಶಿಲೀಂಧ್ರನಾಶಕಗಳು ಕೆಲಸಮಾಡಬಲ್ಲವು. ಮುಸುಕಿನ ಜೋಳ ಮತ್ತು ಗೋಧಿಗೆ ಇದನ್ನು ಲೇಪಿಸಿದಾಗ ರೋಗವೂ, ಕೂಡಿಟ್ಟ ಕಾಳಿನಲ್ಲಿನ ಶಿಲೀಂಧ್ರವಿಷವೂ ತಗ್ಗಿದುವು.

ಇದಕ್ಕೆ ವಿರುದ್ಧವಾದ ಸ್ನೇಹಸಂಬಂಧಕ್ಕೆ ಮೈಕೋರೈಜಾ ಶಿಲೀಂಧ್ರಗಳು ನಿದರ್ಶನ. ಇವು ಮಣ್ಣಿನ ರಂಜಕವನ್ನು ಬೇರಿಗೆ ಒದಗಿಸಿ ಪ್ರತಿಯಾಗಿ ಸಕ್ಕರೆಯನ್ನು ಪಡೆಯುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಅವು ಬೇರಿನಲ್ಲಿ ನೆಲೆಗೊಳ್ಳಲು ಸಹಾಯಮಾಡುತ್ತವೆ. ರಾಗಿಯೊಡನೆ ತೊಗರಿಯನ್ನು ಅಕ್ಕಡಿಯಾಗಿ ಬಿತ್ತುವ ನಮ್ಮ ಹೊಲಗಳಲ್ಲಿ ಒಂದೇ ಶಿಲೀಂಧ್ರಜಾಲವು ಎರಡು ಪೈರುಗಳ ಬೇರುಗಳನ್ನೂ ಕೂಡಿಸಬಲ್ಲದು.

ಆದರೂ ಒಂದು ಎಚ್ಚರಿಕೆ ಅವಶ್ಯ. ಬೆಂಕಿರೋಗದ ಶಿಲೀಂಧ್ರವು ಗಾಳಿಯಲ್ಲಿ ಹರಡಿ ಎಲೆ, ಕುತ್ತಿಗೆ, ತೆನೆಗಳನ್ನು ಮುತ್ತತಕ್ಕದ್ದು. ಬೇರಿನ ಗೋಡೆ ಅದನ್ನು ತಡೆಯುವುದೆಂದು ಊಹಿಸಲಾಗದು. ಪ್ರಯೋಗಾಲಯದಲ್ಲಿ ಗೆದ್ದ ಜೀವಿ ಹೊಲದ ಮಣ್ಣಿನಲ್ಲಿ ಉಳಿಯುವುದೆಂಬ ಭರವಸೆಯೂ ಇಲ್ಲ.

ಹಾಗಾದರೆ ನಮ್ಮ ಕರ್ತವ್ಯವೇನು? ಬಿತ್ತನೆಗೆ ಮುನ್ನ ಬೀಜಕ್ಕೆ ಹಚ್ಚುವ ಔಷಧ ಶತ್ರುವಿನೊಡನೆ ಮಿತ್ರನನ್ನೂ ಕೊಲ್ಲಬಹುದು. ನಾಟಿ ತಳಿಯೊಂದು ಮರೆಯಾದರೆ ಅದರೊಳಗಿನ ಸಹವಾಸಿಗಳೂ ಮರೆಯಾಗಬಹುದು. ಗುಬ್ಬಿ, ಕುಣಿಗಲ್‌ಗಳ ಹೊಲಗಳಿಂದ ರಾಗಿಯ ಬೇರುಗಳನ್ನು ಮಣ್ಣುಸಹಿತ ತಂದು, ತೊಳೆದು, ಸೂಕ್ಷ್ಮದರ್ಶಕದಲ್ಲಿ ನೋಡುವುದು ಯಾವ ಕಾಲೇಜಿಗೂ ಅಸಾಧ್ಯವಲ್ಲ. ಕಳೆದುಕೊಳ್ಳುವ ಮುನ್ನ ನಮ್ಮಲ್ಲಿರುವುದೇನೆಂದು ಅರಿಯುವ ಕಾರ್ಯವು ಅಲ್ಲಿಂದಲೇ ಆರಂಭವಾಗಬೇಕು.